ಮೊದಲ ಕ್ರೈಸ್ತರು ವಾದ್ಯ ಬಿಟ್ಟರೋ, ವಾದ್ಯವೇ ಇರಲಿಲ್ಲವೋ?

ಪ್ರಶ್ನೆ: ನಮ್ಮದು ಹುಬ್ಬಳ್ಳಿ ಕಡೆಯ ಹಳೆಯ ಪ್ರೊಟೆಸ್ಟೆಂಟ್ ಸಭೆ. ಮೊದಲು ಆರಾಧನೆಗೆ ಹಾರ್ಮೋನಿಯಂ ಇತ್ತು. ಈಗ ಕೀಬೋರ್ಡ್, ಗಿಟಾರ್, ತಬಲಾ ಎಲ್ಲಾ ಇವೆ. ಈಚೆಗೆ ಪರಿಚಯವಾದ ಒಬ್ಬರ ಸಭೆಯಲ್ಲಿ ವಾದ್ಯವೇ ಇಲ್ಲ, ಬಾಯಿಹಾಡು ಮಾತ್ರ. "ಆದಿ ಸಭೆಯವರು ವಾದ್ಯ ನಿಷೇಧಿಸಿದ್ದರು, ನೀವು ದಾರಿ ತಪ್ಪಿದ್ದೀರಿ" ಅನ್ನುತ್ತಾರೆ. ಆದರೆ 150ನೇ ಕೀರ್ತನೆಯಲ್ಲಿ ತುತೂರಿ, ಕಿನ್ನರಿ, ತಾಳ ಎಲ್ಲಾ ಬರುತ್ತವಲ್ಲ? ನಿಜಕ್ಕೂ ಆಗ ಏನಿತ್ತು? ಇನ್ನೊಂದು: ನಮ್ಮ ಯುವಕರು ಒಂದು ಭಾನುವಾರ ಆ ಕಾಲದವರ ಹಾಗೆ ಹಾಡಿ ನೋಡಬೇಕು ಅಂತಿದ್ದಾರೆ. ಹೇಗೆ ಹಾಡಬೇಕು?

ಉತ್ತರ: ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಅರ್ಧ ಸರಿ. ಮೊದಲ ನಾಲ್ಕೈದು ಶತಮಾನಗಳಲ್ಲಿ ಕ್ರೈಸ್ತರು ಆರಾಧನೆಯಲ್ಲಿ ವಾದ್ಯ ನುಡಿಸುತ್ತಿದ್ದರು ಅನ್ನುವುದಕ್ಕೆ ಗಟ್ಟಿ ಆಧಾರ ಒಂದೂ ಸಿಗುವುದಿಲ್ಲ. ಹಾಡುತ್ತಿದ್ದರು ಅನ್ನುವುದಕ್ಕೆ ಮಾತ್ರ ಬೇಕಾದಷ್ಟು ಆಧಾರ ಇದೆ. ಅಲ್ಲಿಯವರೆಗೆ ಅವರ ಮಾತು ಒಪ್ಪೋಣ.

"ನಿಷೇಧಿಸಿದ್ದರು" ಅನ್ನುವ ಇನ್ನರ್ಧವನ್ನು ಒಪ್ಪುವುದು ಕಷ್ಟ. ನಿಷೇಧಿಸಬೇಕಾದರೆ ಮೊದಲು ಯಾರೋ ವಾದ್ಯ ತಂದಿರಬೇಕು, ಅದರ ಬಗ್ಗೆ ಜಗಳ ಆಗಿರಬೇಕು. ಆ ಕಾಲದ ಸಭೆಗಳು ಸಣ್ಣ ಸಣ್ಣ ವಿಷಯಕ್ಕೂ ಜಗಳ ಆಡಿವೆ, ಪತ್ರ ಬರೆದಿವೆ, ಸಮಾವೇಶ ಕರೆದು ನಿಯಮ ಮಾಡಿವೆ. ಪಸ್ಕ ಹಬ್ಬ ಯಾವ ದಿನ ಮಾಡಬೇಕು ಅನ್ನುವುದಕ್ಕೇ ಶತಮಾನಗಟ್ಟಲೆ ವಾದ ನಡೆದಿದೆ. ಆರಾಧನೆಯ ಹಾಡಿಗೆ ಕಿನ್ನರಿ ಬೇಕೋ ಬೇಡವೋ ಅಂತ ಅಂಥ ಜಗಳವೊಂದು ನಡೆದದ್ದು ಕಾಣುವುದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲೇ ಇದೆ. ಅವರ ಹಾಡಿಗೆ ವಾದ್ಯ ಇರಲಿಲ್ಲ, ಯಾರೂ ಅದನ್ನು ತರಲು ಹೊರಟೂ ಇರಲಿಲ್ಲ.

ಮೊದಲು ಆಧಾರಗಳನ್ನು ನೋಡೋಣ. ಪ್ರಭುಭೋಜನದ ರಾತ್ರಿ ಯೇಸು ಮತ್ತು ಶಿಷ್ಯರು ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೋದರು ಅಂತ ಮತ್ತಾಯ, ಮಾರ್ಕ ಇಬ್ಬರೂ ಬರೆಯುತ್ತಾರೆ. ಪಸ್ಕದ ಊಟದಲ್ಲಿ ಯೆಹೂದ್ಯರು 113ರಿಂದ 118ರವರೆಗಿನ ಕೀರ್ತನೆಗಳನ್ನು ಹಾಡುವ ಪದ್ಧತಿ ಇದೆ. ಅಲ್ಲಿ ಹಾಡಿದ್ದೂ ಅವೇ ಇರಬೇಕು. ಪೌಲ, ಸೀಲ ಫಿಲಿಪ್ಪಿಯ ಸೆರೆಮನೆಯಲ್ಲಿ ನಡುರಾತ್ರಿ ಹಾಡಿದರು, ಕಾಲಿಗೆ ಕೋಳ ಹಾಕಿತ್ತು, ಬೇರೆ ಕೈದಿಗಳು ಕೇಳಿಸಿಕೊಳ್ಳುತ್ತಿದ್ದರು. ಕೊರಿಂಥದವರಿಗೆ ಬರೆಯುವಾಗ ಪೌಲ, ನೀವು ಕೂಡಿ ಬಂದಾಗ ಒಬ್ಬೊಬ್ಬರೂ ಒಂದೊಂದು ತರುತ್ತೀರಿ, ಒಬ್ಬನದು ಹಾಡು ಇರುತ್ತದೆ, ಇನ್ನೊಬ್ಬನದು ಬೋಧನೆ ಇರುತ್ತದೆ ಅನ್ನುತ್ತಾರೆ. ಅಂದರೆ ಗಾಯಕವೃಂದ ಅಂತ ಪ್ರತ್ಯೇಕವಾಗಿ ಇರಲಿಲ್ಲ. ಹಾಡು ಬಂದವರು ಎದ್ದು ಹಾಡುತ್ತಿದ್ದರು.

ಹೊರಗಿನವರ ಸಾಕ್ಷಿಯೂ ಇದೆ. ಸುಮಾರು ಕ್ರಿ.ಶ. 112ರಲ್ಲಿ ಬಿಥೂನ್ಯ ಪ್ರಾಂತ್ಯದ, ಅಂದರೆ ಇಂದಿನ ಟರ್ಕಿಯ ಉತ್ತರ ಭಾಗದ, ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಈ ಕ್ರೈಸ್ತರು ಅಂದರೆ ಯಾರು, ಏನು ಮಾಡುತ್ತಾರೆ ಅಂತ ವಿಚಾರಣೆ ಮಾಡಿದ್ದ. ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಭಾವಿಸಿ ಒಬ್ಬರಿಗೊಬ್ಬರು ಎದುರುಬದುರಾಗಿ ಹಾಡು ಹೇಳುತ್ತಾರೆ ಅಂತ ಅವನಿಗೆ ತಿಳಿಯಿತು. ಖಾತ್ರಿ ಮಾಡಿಕೊಳ್ಳಲು ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರಿಗೆ ಹಿಂಸೆ ಕೊಟ್ಟು ಬಾಯಿ ಬಿಡಿಸಲು ನೋಡಿದ. ಅದನ್ನೂ ಪತ್ರದಲ್ಲಿ ತಾನೇ ಬರೆದಿದ್ದಾನೆ. ನಮ್ಮ ಆರಾಧನೆಯ ಹಾಡಿನ ಬಗ್ಗೆ ಹೊರಗಿನವರು ಬರೆದಿಟ್ಟ ಮೊದಲ ಮಾತು ಹೀಗೆ ಒಂದು ವಿಚಾರಣೆಯ ಕಡತದಿಂದ ಬಂದದ್ದು. ಅದನ್ನು ಓದುವಾಗ ಆ ಇಬ್ಬರು ಹೆಣ್ಣುಮಕ್ಕಳನ್ನು ನೆನೆಯದೆ ಮುಂದೆ ಹೋಗಲು ನನಗೆ ಆಗುವುದಿಲ್ಲ.

ಇನ್ನೊಂದು ಚಿತ್ರ ಕಾರ್ಥೇಜ್‌ನದು, ಇಂದಿನ ಟ್ಯುನೀಷಿಯಾ. ಸುಮಾರು 197ರಲ್ಲಿ ತೆರ್ತುಲಿಯನ್ ಎಂಬ ಕ್ರೈಸ್ತ ಲೇಖಕ ಅಲ್ಲಿಯ ಕ್ರೈಸ್ತರ ಸಹಭೋಜನವನ್ನು ವರ್ಣಿಸುತ್ತಾನೆ. ಊಟ ಮುಗಿಯುತ್ತದೆ. ಕೈ ತೊಳೆಯುತ್ತಾರೆ. ದೀಪ ತರುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಮುಂದೆ ಕರೆಯುತ್ತಾರೆ. ಕರೆಸಿಕೊಂಡವರು ಶಾಸ್ತ್ರದಿಂದಲೋ ತಾವೇ ಕಟ್ಟಿದ್ದೋ ಒಂದು ಹಾಡು ದೇವರಿಗೆ ಹಾಡಬೇಕು. ಎಷ್ಟು ಕುಡಿದಿದ್ದಾರೆ ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ ಅನ್ನುತ್ತಾನೆ. ಹಾಡುವವರಿಗೆ ಎಚ್ಚರ ಇರಬೇಕು ಅನ್ನುವುದು ಅವನ ತಾತ್ಪರ್ಯ.

ಈ ಎಲ್ಲಾ ಕಡೆ ಜಾಗ ಎಂಥದ್ದು ಗಮನಿಸಿ. ಊಟದ ಕೋಣೆ, ಸೆರೆಮನೆ, ಯಾರದೋ ಮನೆ. ಸಿರಿಯಾದ ಡ್ಯೂರಾ ಯೂರೋಪಸ್ ಎಂಬಲ್ಲಿ ಮೂರನೇ ಶತಮಾನದ ಒಂದು ಮನೆಚರ್ಚು ಸಿಕ್ಕಿದೆ. 256ರ ಸುಮಾರಿಗೆ ಊರೇ ನಾಶವಾದದ್ದರಿಂದ ಅದು ಮಣ್ಣಿನಡಿ ಹಾಗೇ ಉಳಿದಿತ್ತು. ಎರಡು ಕೋಣೆಯ ನಡುವಿನ ಗೋಡೆ ತೆಗೆದು ಸಭೆಗೆ ಜಾಗ ಮಾಡಿಕೊಂಡಿದ್ದರು. ಅಂಥ ಜಾಗದಲ್ಲಿ ಮುಂಜಾನೆ ಕತ್ತಲಲ್ಲಿ ಸೇರುವವರು, ಅದೂ ಆಗೀಗ ಅಧಿಕಾರಿಗಳ ಕಣ್ಣಿಗೆ ಬೀಳುತ್ತಿದ್ದವರು, ಡೋಲು ತುತೂರಿ ಇಟ್ಟುಕೊಳ್ಳಲಿಲ್ಲ ಅಂದರೆ ಆಶ್ಚರ್ಯವೇನಿಲ್ಲ.

ಆದರೆ ಕಾರಣ ಅಷ್ಟೇ ಆಗಿರಲಿಲ್ಲ. ವಾದ್ಯ ಅಂದಕೂಡಲೇ ಆ ಕಾಲದ ಜನರ ತಲೆಗೆ ಏನು ಬರುತ್ತಿತ್ತು ಅನ್ನುವುದು ಮುಖ್ಯ. ರೋಮನ್ನರು ಊರ ದೇವರಿಗೆ ಬಲಿ ಕೊಡುವಾಗ ಪಕ್ಕದಲ್ಲಿ ಒಬ್ಬ ಪೀಪಿ ಊದುತ್ತಾ ನಿಂತಿರಬೇಕಿತ್ತು, ಅಪಶಕುನದ ಸದ್ದು ಯಾವುದೂ ಕಿವಿಗೆ ಬೀಳಬಾರದು ಅಂತ. ಹಾಗಾಗಿ ಪೀಪಿಯ ಸದ್ದು ಕೇಳಿದರೆ ಬಲಿ ನೆನಪಾಗುತ್ತಿತ್ತು. ಸಿಬೆಲೆ ದೇವಿಯ ಮೆರವಣಿಗೆಗೆ ತಾಳ, ದಮ್ಮಡಿ. ಶ್ರೀಮಂತರ ಪಾನಗೋಷ್ಠಿಗೆ ಬಾಡಿಗೆಗೆ ಬರುವ ಪೀಪಿ ಊದುವ ಹುಡುಗಿಯರು, ಅವರಲ್ಲಿ ಬಹಳ ಮಂದಿ ದಾಸಿಯರು, ಅವರ ಮೈಯೂ ಮಾರಾಟಕ್ಕಿತ್ತು. ಮತ್ತೆ ನಾಟಕಶಾಲೆ. ಕ್ರೈಸ್ತರಾದವರು ಬಿಟ್ಟು ಬಂದದ್ದು ಇದನ್ನೇ. ಬಿಟ್ಟು ಬಂದದ್ದನ್ನು ಭಾನುವಾರ ಬೆಳಗ್ಗೆ ಆರಾಧನೆಗೆ ಎತ್ತಿಕೊಂಡು ಬರುವ ಯೋಚನೆ ಯಾರಿಗೂ ಬಂದಿರಲಾರದು.

ಇದನ್ನು ಕಣ್ಣಾರೆ ನೋಡಬೇಕಾದರೆ ಈಜಿಪ್ಟಿನ ಆಕ್ಸಿರಿಂಕಸ್‌ಗೆ ಹೋಗಬೇಕು. ಈ ಊರಿನ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡ್ ವಿದ್ವಾಂಸರು 1896ರ ಚಳಿಗಾಲದಲ್ಲಿ ಅಲ್ಲಿಯ ಕಸದ ದಿಬ್ಬಗಳನ್ನು ಅಗೆಯಲು ಶುರು ಮಾಡಿದರು. ಸಾವಿರಾರು ಪ್ಯಾಪಿರಸ್ (ಜೊಂಡಿನಿಂದ ಮಾಡಿದ ಹಾಳೆ) ಚೂರುಗಳು ಬಂದವು. ಅದರಲ್ಲಿ 413ನೇ ಸಂಖ್ಯೆಯದು ನಮ್ಮ ಪ್ರಸಿದ್ಧ ಗ್ರೀಕ್ ಪ್ರಹಸನ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಖರಿಶಿಯಾನ್ ಎಂಬ ಗ್ರೀಕ್ ಹೆಣ್ಣಿನ ಕಥೆ. 1903ರಲ್ಲಿ ಅದು ಪ್ರಕಟವಾದ ಮೇಲೆ, ಅದರಲ್ಲಿ ಪರದೇಶಿಗಳು ಆಡುವ ಮಾತು ಕನ್ನಡ ಅಂತ ಜರ್ಮನ್ ವಿದ್ವಾಂಸ ಹುಲ್ಟ್ಷ್ ವಾದಿಸಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಆ ಚರ್ಚೆ ಮುಂದುವರಿಸಿದರು. ತುಳು ಅಂದವರೂ ಇದ್ದಾರೆ. ಭಾಷೆಯ ಬಗ್ಗೆ ಈಗಲೂ ಒಮ್ಮತ ಇಲ್ಲ, ಅದು ಇಲ್ಲಿಯ ವಿಷಯವೂ ಅಲ್ಲ.

ಇಲ್ಲಿಗೆ ಬೇಕಾದದ್ದು ಆ ಹಾಳೆಯಲ್ಲಿರುವ ಇನ್ನೊಂದು ಸಂಗತಿ, ಭಾಷೆಯ ಚರ್ಚೆಯಲ್ಲಿ ಅದರ ಕಡೆ ಯಾರೂ ಜಾಸ್ತಿ ನೋಡುವುದಿಲ್ಲ. ಮಾತುಗಳ ನಡುನಡುವೆ ಸಣ್ಣ ಗುರುತುಗಳಿವೆ. ಇಲ್ಲಿ ಡೋಲು ಬಡಿಯಿರಿ, ಇಲ್ಲಿ ವಾದ್ಯದ ಪೆಟ್ಟು ಬರಲಿ ಅಂತ ಹಿಮ್ಮೇಳದವರಿಗೆ ಕೊಟ್ಟ ಸೂಚನೆಗಳು ಅವು. ಕುಡಿದು ಮತ್ತೇರಿದ ರಾಜ ಚಂದ್ರದೇವತೆಯ ಹೆಸರು ಹೇಳುತ್ತಾ ಕುಣಿಯುತ್ತಾನೆ, ಡೋಲು ತನ್ನಿ ಅಂತ ಕೂಗುತ್ತಾನೆ. ಹಾಸ್ಯದಲ್ಲಿ ಹೂಸಿನ ಸದ್ದಿಗೂ ಜಾಗ ಇದೆ. ಎರಡನೇ ಶತಮಾನದ ಪ್ರತಿ ಇದು. ಆ ಕಾಲದ ನಾಟಕಶಾಲೆಯ ಸಂಗೀತ ಅಂದರೆ ಇದೇ: ಕುಡಿತ, ಕುಣಿತ, ಅನ್ಯದೇವತೆಯ ಸ್ತುತಿ, ಎಲ್ಲದಕ್ಕೂ ಡೋಲು.

ಅದೇ ಊರಿನ ಅದೇ ಕಸದಿಂದ ಇನ್ನೊಂದು ಚೂರು ಬಂತು, ಸಂಖ್ಯೆ 1786. ಪ್ರಕಟವಾದದ್ದು 1922ರಲ್ಲಿ. ಸುಮಾರು 30 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಒಂದು ಪಟ್ಟಿ. ಒಂದು ಬದಿಯಲ್ಲಿ ಧಾನ್ಯದ ಲೆಕ್ಕ. ಹಾಳೆ ದುಬಾರಿ ಅಲ್ವಾ, ಲೆಕ್ಕ ಮುಗಿದ ಮೇಲೆ ಹಿಂಬದಿಯಲ್ಲಿ ಯಾರೋ ಒಂದು ಕ್ರೈಸ್ತ ಸ್ತೋತ್ರ ಬರೆದುಕೊಂಡಿದ್ದಾರೆ. ಮೂರನೇ ಶತಮಾನದ ಕೊನೆಯ ಭಾಗದ್ದು. ಸಾಹಿತ್ಯದ ಮೇಲೆ ಗ್ರೀಕ್ ಅಕ್ಷರಗಳಲ್ಲಿ ಸ್ವರ ಹಾಕಿದೆ. ಸ್ವರಸಮೇತ ಉಳಿದುಬಂದ ಕ್ರೈಸ್ತ ಹಾಡುಗಳಲ್ಲಿ ಇದೇ ಅತಿ ಹಳೆಯದು. ಮೊದಲ ಭಾಗ ಹರಿದುಹೋಗಿದೆ. ಉಳಿದದ್ದರ ಭಾವ ಹೀಗಿದೆ: ಹೊಳೆಯುವ ನಕ್ಷತ್ರಗಳು ಸುಮ್ಮನಿರಲಿ, ಭೋರ್ಗರೆಯುವ ನದಿಗಳು ಸುಮ್ಮನಿರಲಿ, ನಾವು ತಂದೆ, ಮಗ, ಪವಿತ್ರಾತ್ಮರನ್ನು ಹಾಡುವಾಗ ಎಲ್ಲಾ ಶಕ್ತಿಗಳೂ ಆಮೆನ್, ಆಮೆನ್ ಅಂತ ದನಿಗೂಡಿಸಲಿ.

ಗ್ರೀಕರಲ್ಲಿ ಸ್ವರ ಬರೆಯುವ ಎರಡು ಪದ್ಧತಿ ಇದ್ದವು, ಹಾಡಿಗೆ ಒಂದು, ವಾದ್ಯಕ್ಕೆ ಒಂದು. ಈ ಸ್ತೋತ್ರದಲ್ಲಿ ಇರುವುದು ಹಾಡಿನ ಸ್ವರಲಿಪಿ ಮಾತ್ರ. ಇಷ್ಟರಿಂದಲೇ ಪಕ್ಕದಲ್ಲಿ ವಾದ್ಯ ಇರಲಿಲ್ಲ ಅಂತ ಸಾಧಿಸಲು ಬರುವುದಿಲ್ಲ. ಆದರೆ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಡೋಲಿನ ಗುರುತು, ಇನ್ನೊಂದರಲ್ಲಿ ಜಗತ್ತೆಲ್ಲ ಸದ್ದಡಗಲಿ ಅನ್ನುವ ಮಾತು. ಎರಡೂ ಒಂದೇ ಊರಿನಲ್ಲಿ ಓಡಾಡಿದ ಹಾಳೆಗಳು. ಆ ಊರಿನ ಕ್ರೈಸ್ತನಿಗೆ ಯಾವ ಸಂಗೀತ ಎಲ್ಲಿಗೆ ಸೇರಿದ್ದು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ.

ಇನ್ನು ನಿಮ್ಮ ಪರಿಚಯದವರು ಯಾವ ಆಧಾರದ ಮೇಲೆ ಮಾತಾಡುತ್ತಾರೆ ಅಂತ ನನಗೆ ಅಂದಾಜಿದೆ. ಸಭಾಪಿತೃಗಳು, ಅಂದರೆ ಮೊದಲ ಶತಮಾನಗಳ ದೊಡ್ಡ ಕ್ರೈಸ್ತ ಬೋಧಕರು, ವಾದ್ಯಗಳನ್ನು ಬೈದ ಮಾತುಗಳ ಒಂದು ಕಂತೆ ಕೈಯಿಂದ ಕೈಗೆ ದಾಟುತ್ತಾ ಇರುತ್ತದೆ. ಆ ಮಾತುಗಳು ನಿಜವಾದವೇ. ನಾಲ್ಕನೇ ಶತಮಾನದ ಕೊನೆಯ ಪ್ರಸಿದ್ಧ ಬೋಧಕ ಜಾನ್ ಕ್ರಿಸೊಸ್ತಮ್ ಮದುವೆಮನೆಯ ಪೀಪಿ, ಕುಣಿತ, ಪೋಲಿ ಹಾಡುಗಳನ್ನು ಕಟುವಾಗಿ ಖಂಡಿಸಿದ್ದಾರೆ. ನಾಲ್ಕನೇ ಶತಮಾನದ ಸಿರಿಯಾದ ಒಂದು ನಿಯಮ ಸಂಗ್ರಹದಲ್ಲಿ, ಪೀಪಿ, ಕಿನ್ನರಿ ನುಡಿಸುವ ಕಸುಬಿನವರು ದೀಕ್ಷಾಸ್ನಾನ ಕೇಳಿ ಬಂದರೆ ಕಸುಬು ಬಿಡಬೇಕು, ಇಲ್ಲವೇ ವಾಪಸು ಕಳಿಸಬೇಕು ಅಂತ ಇದೆ. ಅದೇ ಪಟ್ಟಿಯಲ್ಲಿ ರಥ ಓಡಿಸುವವರು, ಕತ್ತಿಮಲ್ಲರು ಕೂಡ ಇದ್ದಾರೆ.

ಈ ಮಾತುಗಳನ್ನು ಒಂದೊಂದಾಗಿ ಬಿಡಿಸಿ ಯಾವ ಸಂದರ್ಭದಲ್ಲಿ ಹೇಳಿದ್ದು ಅಂತ ನೋಡಿದವರು ಅಮೆರಿಕದ ಸಂಗೀತ ಇತಿಹಾಸಕಾರ ಜೇಮ್ಸ್ ಮೆಕಿನ್ನನ್. 1965ರಲ್ಲಿ ಈ ವಿಷಯದ ಮೇಲೆಯೇ ಅವರ ಸಂಶೋಧನಾ ಪ್ರಬಂಧ ಬಂತು. ಅವರು ಕಂಡುಕೊಂಡದ್ದು ಇಷ್ಟು: ಪಿತೃಗಳ ಸಿಟ್ಟು ನಾಟಕಶಾಲೆ, ಪಾನಗೋಷ್ಠಿ, ಮದುವೆ, ಅನ್ಯದೇವತೆಗಳ ಪೂಜೆ ಇವುಗಳ ಮೇಲೆ. ಚರ್ಚಿನ ಹಾಡಿಗೆ ಯಾರೋ ವಾದ್ಯ ಸೇರಿಸಿದರು, ಅದನ್ನು ತೆಗೆಯಿರಿ ಅನ್ನುವ ಖಂಡನೆ ಆ ಮಾತುಗಳಲ್ಲಿ ಇಲ್ಲ. ಚರ್ಚಿನಲ್ಲಿ ವಾದ್ಯವಿಲ್ಲದ ಹಾಡು ಒಂದು ಸಂಗತಿ, ಹೊರಗಿನ ವಾದ್ಯಗಳ ಮೇಲಿನ ಸಿಟ್ಟು ಇನ್ನೊಂದು ಸಂಗತಿ. ಎರಡನ್ನೂ ಗಂಟು ಹಾಕಿ "ಆದ್ದರಿಂದ ಚರ್ಚಿನಲ್ಲಿ ವಾದ್ಯ ನಿಷೇಧ" ಅಂದದ್ದು ನಂತರದ ಕಾಲದವರು. ಈ ವಾದ ನನಗೆ ಪೂರ್ತಿ ಒಪ್ಪಿಗೆಯಾಗಿದೆ. ಮೂಲಗಳನ್ನು ಓದಿದಷ್ಟೂ ಅದು ಗಟ್ಟಿಯಾಗುತ್ತದೆ.

ಅಲೆಕ್ಸಾಂಡ್ರಿಯದ ಕ್ಲೆಮೆಂತನನ್ನೇ ತೆಗೆದುಕೊಳ್ಳಿ. ಸುಮಾರು 200ರ ಆಸುಪಾಸಿನವನು. ಊಟದ ಕೂಟಗಳಲ್ಲಿ ಪೀಪಿ, ಡೋಲು ಬೇಡ ಅಂತ ಉದ್ದಕ್ಕೆ ಬರೆಯುತ್ತಾನೆ. ಅದೇ ಅಧ್ಯಾಯದಲ್ಲಿ, ನಿನಗೆ ಕಿನ್ನರಿಯ ಜೊತೆ ಹಾಡಲು ಬರುವುದಾದರೆ ತಪ್ಪೇನಿಲ್ಲ, ದಾವೀದನನ್ನು ಅನುಸರಿಸಿದ ಹಾಗಾಗುತ್ತದೆ ಅಂತಲೂ ಅನ್ನುತ್ತಾನೆ. ಇದು ಆರಾಧನೆಯ ಬಗ್ಗೆ ಹೇಳಿದ ಮಾತಲ್ಲ, ಮನೆಯ ಊಟದ ಸಂದರ್ಭದ್ದು. ಆದರೂ ಕಂತೆಯಲ್ಲಿ ಮೊದಲ ಮಾತು ಮಾತ್ರ ಇರುತ್ತದೆ, ಎರಡನೆಯದು ಇರುವುದಿಲ್ಲ.

ನಿಮ್ಮ 150ನೇ ಕೀರ್ತನೆಯ ಪ್ರಶ್ನೆಗೂ ಕ್ಲೆಮೆಂತನಲ್ಲೇ ಉತ್ತರ ಇದೆ. ಅವನು ಆ ಕೀರ್ತನೆಯ ಹಲವು ವಾದ್ಯಗಳನ್ನು ಮನುಷ್ಯನ ಮೈಯಲ್ಲೇ ತೋರಿಸುತ್ತಾ ಹೋಗುತ್ತಾನೆ. ನಾಲಿಗೆಯೇ ದೇವರ ಸ್ವರಮಂಡಲ. ಬಾಯಿಯೇ ಕಿನ್ನರಿ, ಅದನ್ನು ಮೀಟುವುದು ಪವಿತ್ರಾತ್ಮ. ನರಗಳೇ ತಂತಿ. ತುಟಿಗೆ ತಾಗಿ ಸದ್ದು ಮಾಡುವ ನಾಲಿಗೆಯೇ ತಾಳ. ಇನ್ನು ಕ್ರಿಸೊಸ್ತಮ್, ಹಿಂದಿನವರ ಮನಸ್ಸು ಬಲವಾಗಿರಲಿಲ್ಲ, ಅದಕ್ಕೇ ದೇವರು ಅವರಿಗೆ ವಾದ್ಯಗಳನ್ನು ಬಿಟ್ಟುಕೊಟ್ಟಿದ್ದ ಅನ್ನುತ್ತಾರೆ. ಯೆರೂಸಲೇಮಿನ ದೇವಾಲಯದಲ್ಲಿ ಲೇವಿಯರು ಕಿನ್ನರಿ, ಸ್ವರಮಂಡಲ, ತಾಳಗಳೊಡನೆ ಹಾಡುತ್ತಿದ್ದರು. ಅದು ಬಲಿಗೆ ಸೇರಿದ ಸೇವೆಯಾಗಿತ್ತು. 70ರಲ್ಲಿ ರೋಮನ್ನರು ದೇವಾಲಯ ಕೆಡವಿದರು, ಬಲಿ ನಿಂತಿತು, ಲೇವಿಯರ ವಾದ್ಯವೂ ನಿಂತಿತು. ಕ್ರಿಸ್ತನ ನಂತರ ಬಲಿ ಬೇಡ ಅಂದವರಿಗೆ, ಬಲಿಯ ಜೊತೆಗಿದ್ದ ವಾದ್ಯವೂ ಹಳೆಯದರ ಪಾಲಿಗೆ ಹೋಯಿತು ಅನ್ನಿಸಿದ್ದು ಸಹಜ. ಇದನ್ನು ಬಿಡಿಸಿ ಹೇಳಿದವರು ನಾಲ್ಕನೇ ಶತಮಾನದ ಕೊನೆಯ ನಿಸೇತ ಎಂಬ ಬಿಷಪ್, ಇಂದಿನ ಸರ್ಬಿಯಾದ ರೆಮೆಸಿಯಾನದವರು. ಸುನ್ನತಿ, ಸಬ್ಬತ್ತು, ಬಲಿ ಹೋದ ಹಾಗೆ ತುತೂರಿ, ತಾಳ, ದಮ್ಮಡಿಯೂ ಹೋದವು, ಹಾಡು ಮಾತ್ರ ಉಳಿಯಿತು ಅನ್ನುವುದು ಅವರ ವಿವರಣೆ.

ಇವೆಲ್ಲ ಈಗಾಗಲೇ ಇದ್ದ ರೂಢಿಗೆ ಆಮೇಲೆ ಕೊಟ್ಟ ಅರ್ಥಗಳು ಅನ್ನುವುದನ್ನು ಗಮನಿಸಿ. ಕೀರ್ತನೆಗಳ ಪುಸ್ತಕ ಓದುತ್ತಾ ಹೋದರೆ ವಾದ್ಯಗಳ ಹೆಸರು ಬರುತ್ತವೆ. ಸಭೆಯಲ್ಲಿ ವಾದ್ಯ ಕಾಣುವುದಿಲ್ಲ. ಜನ ಯಾಕೆ ಅಂತ ಕೇಳುತ್ತಾರೆ. ಬಿಷಪ್ ಉತ್ತರ ಕೊಡುತ್ತಾರೆ.

ಇಷ್ಟೆಲ್ಲ ವಾದ್ಯ ಇರಲಿಲ್ಲ ಅನ್ನುವ ಮಾತಾಯಿತು. ಏನಿತ್ತು ಅನ್ನುವುದು ನನಗೆ ಇದಕ್ಕಿಂತ ದೊಡ್ಡ ವಿಷಯ.

ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಎತ್ತುಗಡೆ ಮತ್ತು ಮರುದನಿ. ನಮ್ಮೂರ ಭಜನೆಯಲ್ಲಿ ಒಬ್ಬರು ಎತ್ತಿ ಹಾಡಿದ ಮೇಲೆ ಉಳಿದವರೆಲ್ಲ ಪಲ್ಲವಿ ಹಿಡಿಯುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಕೀರ್ತನೆಯ ವಚನಗಳನ್ನು ಒಬ್ಬನೇ ಹಾಡುತ್ತಾನೆ, ಸಭೆ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ. ಓದು ಬಾರದವರೇ ಜಾಸ್ತಿ ಇದ್ದ ಕಾಲ. ಕೈಯಲ್ಲಿ ಪುಸ್ತಕ ಇಲ್ಲ. ಒಂದು ಸಾಲು ಬಾಯಿಪಾಠ ಬಂದರೆ ಯಾರು ಬೇಕಾದರೂ ಹಾಡಬಹುದು.

ಅಥನಾಸಿಯಸ್ ಬರೆದಿಟ್ಟ ಒಂದು ರಾತ್ರಿಯ ಕಥೆ ಕೇಳಿ. 356ರ ಫೆಬ್ರವರಿ. ಅಲೆಕ್ಸಾಂಡ್ರಿಯದ ಥಿಯೋನಾಸ್ ಚರ್ಚಿನಲ್ಲಿ ಜನ ರಾತ್ರಿ ಜಾಗರಣೆಗೆ ಸೇರಿದ್ದರು. ಬಿಷಪ್ ಅಥನಾಸಿಯಸ್‌ನನ್ನು ಹಿಡಿಯಲು ಸೇನಾಧಿಕಾರಿ ಸಿರಿಯಾನಸ್ ಚರ್ಚನ್ನು ಸುತ್ತುವರಿದ. ಐದು ಸಾವಿರಕ್ಕೂ ಜಾಸ್ತಿ ಸೈನಿಕರು ಅನ್ನುತ್ತಾನೆ ಅಥನಾಸಿಯಸ್. ಜನರನ್ನು ಬಿಟ್ಟು ಓಡಿಹೋಗುವುದು ಸರಿಯಲ್ಲ ಅಂತ ಅವನು ತನ್ನ ಪೀಠದಲ್ಲೇ ಕೂತ. ಸಭಾಸೇವಕನಿಗೆ 136ನೇ ಕೀರ್ತನೆ ಎತ್ತಲು ಹೇಳಿದ. ಜನ ಪ್ರತಿ ವಚನಕ್ಕೂ "ಆತನ ಕೃಪೆ ಶಾಶ್ವತವಾದದ್ದು" ಅಂತ ಮರುದನಿ ಕೊಡಬೇಕು, ಹಾಗೆ ಹಾಡಿಕೊಂಡೇ ಎಲ್ಲರೂ ಮನೆಗೆ ಹೋಗಬೇಕು. ಸೈನಿಕರು ಬಾಗಿಲು ಮುರಿದು ಒಳಗೆ ನುಗ್ಗಿದರು. ಹೆಚ್ಚಿನ ಜನ ಹೊರಗೆ ಹೋದ ಮೇಲೆಯೇ ಸನ್ಯಾಸಿಗಳು ಅವನನ್ನು ಎಳೆದುಕೊಂಡು ಹೋಗಿ ಪಾರುಮಾಡಿದರು. ಸುತ್ತ ಸೈನಿಕರು ನಿಂತಿರುವಾಗಲೂ ಹಾಡಿಗೆ ಬರಬಹುದಾದ ಒಂದು ಸಾಲು ಜನರ ಬಾಯಲ್ಲಿ ಇತ್ತು.

ಇದೇ ಅಥನಾಸಿಯಸ್, ಕೀರ್ತನೆ ಎತ್ತುವವರು ರಾಗ ಬಹಳ ಎಳೆಯಬಾರದು, ಹಾಡುವುದಕ್ಕಿಂತ ಮಾತಿನ ಹತ್ತಿರ ಇರಬೇಕು ಅನ್ನುತ್ತಿದ್ದನಂತೆ. ಇದನ್ನು ತಿಳಿಸುವವನು ಆಗಸ್ಟಿನ್, ಮುಂದೆ ಉತ್ತರ ಆಫ್ರಿಕಾದಲ್ಲಿ ಬಿಷಪ್ ಆದವನು. ಅವನಿಗೆ ಈ ವಿಷಯದಲ್ಲಿ ನಿಜವಾದ ಸಂಕಟ ಇತ್ತು. ಮಿಲಾನಿನಲ್ಲಿ 387ರಲ್ಲಿ ದೀಕ್ಷಾಸ್ನಾನ ಪಡೆದ ದಿನಗಳಲ್ಲಿ ಸಭೆಯ ಹಾಡು ಕೇಳಿ ಅತ್ತಿದ್ದ. ಆಮೇಲೆ, ಸಾಹಿತ್ಯಕ್ಕಿಂತ ರಾಗವೇ ನನ್ನನ್ನು ಜಾಸ್ತಿ ಹಿಡಿಯುತ್ತಿದೆಯಲ್ಲ, ಅದು ಪಾಪವಲ್ಲವೇ ಅಂತ ಒದ್ದಾಡುತ್ತಾನೆ. ಕೊನೆಗೆ ಹಾಡು ಇರಲಿ ಅನ್ನುವ ಕಡೆಗೇ ವಾಲುತ್ತಾನೆ. ವಾದ್ಯವಿಲ್ಲದ ಬರೀ ಕೊರಳಿನ ಹಾಡೇ ಅವನಿಗೆ ಇಷ್ಟು ಹೆಚ್ಚಾಗಿತ್ತು ಅನ್ನುವುದನ್ನು ನೆನಪಿಡಿ.

ಆಗಸ್ಟಿನ್ ಕೇಳಿದ ಹಾಡಿಗೂ ಒಂದು ಹಿನ್ನೆಲೆ ಇತ್ತು. 386ರಲ್ಲಿ ರಾಜಮಾತೆ ಯುಸ್ತಿನಾ ಮಿಲಾನಿನ ಒಂದು ಚರ್ಚನ್ನು ತನ್ನ ಪಂಗಡಕ್ಕೆ ಬಿಟ್ಟುಕೊಡಿ ಅಂತ ಪಟ್ಟು ಹಿಡಿದಳು. ಬಿಷಪ್ ಅಂಬ್ರೋಸ್ ಒಪ್ಪಲಿಲ್ಲ. ಜನ ಚರ್ಚಿನೊಳಗೇ ಹಗಲು ರಾತ್ರಿ ಕಾವಲು ಕೂತರು. ಅವರು ಬೇಸರದಿಂದ ಕುಗ್ಗದಿರಲಿ ಅಂತ ಪೂರ್ವದ ಸಭೆಗಳ ಹಾಗೆ ಕೀರ್ತನೆ, ಸ್ತೋತ್ರ ಹಾಡಿಸುವುದು ಅಲ್ಲಿ ಶುರುವಾಯಿತು. ಅಂಬ್ರೋಸ್ ಕಟ್ಟಿದ ಸ್ತೋತ್ರಗಳು ನಾಲ್ಕು ಸಾಲಿನ ಎಂಟು ಪದ್ಯ, ಒಂದೇ ಸರಳ ಛಂದಸ್ಸು. ಒಮ್ಮೆ ಕೇಳಿದರೆ ಎರಡನೇ ಸಲಕ್ಕೆ ಬಾಯಿಗೆ ಬರುತ್ತದೆ.

ಪೂರ್ವದ ಪದ್ಧತಿ ಹೇಗಿತ್ತು ಅಂದರೆ ಕಪ್ಪದೋಕ್ಯದ (ಇಂದಿನ ಟರ್ಕಿ) ಬಿಷಪ್ ಬಸಿಲ್‌ನ ಒಂದು ಪತ್ರ ನೋಡಬೇಕು. ಸುಮಾರು 375ರದು. ನಿಮ್ಮ ಹಾಡಿನ ಪದ್ಧತಿ ಹೊಸದು ಅಂತ ಪಕ್ಕದ ಊರಿನ ಪಾದ್ರಿಗಳು ಆಕ್ಷೇಪ ಎತ್ತಿದ್ದರು. ಬಸಿಲ್ ತನ್ನ ಸಭೆಯ ರಾತ್ರಿ ಪ್ರಾರ್ಥನೆಯನ್ನು ವಿವರಿಸಿ ಉತ್ತರ ಬರೆಯುತ್ತಾನೆ. ಜನ ರಾತ್ರಿ ಇರುವಾಗಲೇ ಎದ್ದು ಪ್ರಾರ್ಥನಾ ಮಂದಿರಕ್ಕೆ ಬರುತ್ತಾರೆ. ಎರಡು ಪಾಲಾಗಿ ನಿಂತು ಎದುರುಬದುರು ಹಾಡುತ್ತಾರೆ. ಆಮೇಲೆ ಒಬ್ಬನಿಗೆ ಎತ್ತಲು ಬಿಟ್ಟು ಉಳಿದವರು ಮರುದನಿ ಕೊಡುತ್ತಾರೆ. ಬೆಳಕು ಹರಿಯುವಾಗ ಎಲ್ಲರೂ ಒಂದೇ ಬಾಯಿ, ಒಂದೇ ಮನಸ್ಸಿನಿಂದ ಪಶ್ಚಾತ್ತಾಪದ ಕೀರ್ತನೆ ಹಾಡುತ್ತಾರೆ. ಈಜಿಪ್ಟ್, ಲಿಬಿಯಾ, ಪ್ಯಾಲೆಸ್ಟೈನ್, ಅರೇಬಿಯಾ, ಸಿರಿಯಾ ಎಲ್ಲಾ ಕಡೆ ಹೀಗೇ ಇದೆ, ಇದರಲ್ಲಿ ಹೊಸದೇನು ಅಂತ ಕೇಳುತ್ತಾನೆ. ಹಾಡುವ ಕ್ರಮದ ಬಗ್ಗೆ ಇಷ್ಟು ದೊಡ್ಡ ವಾದ ನಡೆದರೂ ವಾದ್ಯದ ಮಾತೇ ಎತ್ತಿಲ್ಲ.

ಹೆಂಗಸರೂ ಹಾಡುತ್ತಿದ್ದರು. ನಿಸಿಬಿಸ್, ಎದೆಸ್ಸಗಳಲ್ಲಿ ಇದ್ದ ಎಫ್ರೇಮ್ (ಮರಣ 373) ಸಿರಿಯಾಕ್ ಭಾಷೆಯಲ್ಲಿ ಪದ್ಯಗಳನ್ನು ಕಟ್ಟಿ ಹೆಣ್ಣುಮಕ್ಕಳ ಗುಂಪುಗಳಿಗೆ ಹಾಡಲು ಕಲಿಸಿದ. ಮುಂದೆ ಸೆರೂಗಿನ ಯಾಕೋಬ ಇದನ್ನೇ ಹೊಗಳಿ ಒಂದು ಪದ್ಯ ಬರೆದಿದ್ದಾನೆ. 381ರಿಂದ 384ರ ಹೊತ್ತಿಗೆ ಯೆರೂಸಲೇಮಿಗೆ ಯಾತ್ರೆ ಬಂದ ಎಗೇರಿಯಾ ಎಂಬ ಹೆಣ್ಣುಮಗಳು ಅಲ್ಲಿ ಕಂಡದ್ದನ್ನೆಲ್ಲ ಊರಿಗೆ ಬರೆದಳು. ಸಂಜೆ ದೀಪ ಹಚ್ಚುವ ಪ್ರಾರ್ಥನೆಯಲ್ಲಿ ಸೇವಕನೊಬ್ಬ ಜನರ ಹೆಸರು ಒಂದೊಂದಾಗಿ ಹೇಳುತ್ತಾನೆ, ಪ್ರತಿ ಹೆಸರಿಗೂ ಅಲ್ಲಿ ನಿಂತ ಮಕ್ಕಳ ದೊಡ್ಡ ಗುಂಪು "ಕರ್ತನೇ ಕರುಣಿಸು" ಅನ್ನುತ್ತದೆ. ಮಕ್ಕಳ ದನಿಗೆ ಲೆಕ್ಕವೇ ಇಲ್ಲ ಅನ್ನುತ್ತಾಳೆ. ಇಡೀ ಬರಹದಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದು.

ಆದರೆ ಈ ಸ್ಥಿತಿ ಹಾಗೇ ಉಳಿಯಲಿಲ್ಲ. ನಾಲ್ಕನೇ ಶತಮಾನದಲ್ಲೇ ಲವೊದಿಕೀಯದ ಸಭಾ ಸಮ್ಮೇಳನ, ನೇಮಕವಾದ ಗಾಯಕರು ಬಿಟ್ಟು ಬೇರೆಯವರು ಚರ್ಚಿನಲ್ಲಿ ಹಾಡಬಾರದು ಅಂತ ನಿಯಮ ಮಾಡಿತು. ಸ್ವಂತ ಕಟ್ಟಿದ ಹಾಡು ಬೇಡ ಅಂತಲೂ ಅಂದಿತು. ತಪ್ಪು ಬೋಧನೆ ಹಾಡಿನ ಮೂಲಕ ನುಸುಳುತ್ತದೆ ಅನ್ನುವ ಭಯ ಅದರ ಹಿಂದೆ ಇದ್ದಿರಬೇಕು. ನನಗೆ ಮಾತ್ರ ಇದು ದುಃಖದ ಸಂಗತಿ. ಕಾರ್ಥೇಜಿನ ಊಟದ ಕೋಣೆಯಲ್ಲಿ ಯಾರು ಬೇಕಾದರೂ ಎದ್ದು ಹಾಡಬಹುದಿತ್ತು. ಜನರ ಬಾಯಿಂದ ಹಾಡು ಸ್ವಲ್ಪ ಸ್ವಲ್ಪವಾಗಿ ಕೈತಪ್ಪಿದ್ದು ಇಲ್ಲಿಂದ, ವಾದ್ಯ ಬರುವುದಕ್ಕೆ ಎಷ್ಟೋ ಮೊದಲೇ.

ವಾದ್ಯ ಹೇಗೆ ಬಂತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಆರ್ಗನ್ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹುಟ್ಟಿದ ಯಂತ್ರ. ಮುಂದೆ ಅಖಾಡಗಳಲ್ಲಿ, ಕಾನ್‌ಸ್ಟಾಂಟಿನೋಪಲಿನ ಅರಮನೆಯಲ್ಲಿ ಮೆರೆಯಿತು. 757ರಲ್ಲಿ ಅಲ್ಲಿಯ ಚಕ್ರವರ್ತಿ ಫ್ರಾಂಕರ ರಾಜ ಪೆಪಿನ್‌ಗೆ ಒಂದನ್ನು ಉಡುಗೊರೆಯಾಗಿ ಕಳಿಸಿದ. 10ನೇ ಶತಮಾನದ ಹೊತ್ತಿಗೆ ಪಶ್ಚಿಮ ಯುರೋಪಿನ ಕೆಲವು ದೊಡ್ಡ ಚರ್ಚುಗಳಲ್ಲಿ ಆರ್ಗನ್ ಇತ್ತು. ಉಡುಗೊರೆ ಕೊಟ್ಟ ಪೂರ್ವದವರ ಚರ್ಚಿಗೆ ಮಾತ್ರ ಅದು ಹೋಗಲಿಲ್ಲ. ಗ್ರೀಸ್, ರಷ್ಯಾ, ಸರ್ಬಿಯಾಗಳ ಆರ್ಥೊಡಾಕ್ಸ್ ಸಭೆಗಳು ಇವತ್ತಿಗೂ ಸಾಮಾನ್ಯವಾಗಿ ವಾದ್ಯವಿಲ್ಲದೆ ಹಾಡುತ್ತವೆ. ಇಥಿಯೋಪಿಯದ ಸಭೆಯಲ್ಲಿ ದೊಡ್ಡ ಡೋಲು, ಕೈಗಿಲಕಿ ಇವೆ. ಈಜಿಪ್ಟಿನ ಕಾಪ್ಟಿಕ್ ಸಭೆಯಲ್ಲಿ ತಾಳ ಇದೆ. ಹಳೆಯ ಸಭೆಗಳೆಲ್ಲ ಒಂದೇ ದಾರಿ ಹಿಡಿಯಲಿಲ್ಲ. ನಮ್ಮ ಕಡೆಗೆ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಾಗ, ಪಶ್ಚಿಮ ಯುರೋಪಿನಲ್ಲಿ ಆರ್ಗನ್ ಹಳೆಯ ಸಂಗತಿಯಾಗಿತ್ತು.

ವಾದ್ಯ ಬೇಡ ಅನ್ನುವ ಈಗಿನ ಪ್ರೊಟೆಸ್ಟೆಂಟ್ ಸಭೆಗಳ ವಾದ ಹೆಚ್ಚಾಗಿ ಬಂದದ್ದು 16ನೇ ಶತಮಾನದ ಸುಧಾರಣೆಯಿಂದ. ಜ್ಯೂರಿಕ್‌ನಲ್ಲಿ ಜ್ವಿಂಗ್ಲಿ ಆರ್ಗನ್ ನಿಲ್ಲಿಸಿದ, ಜೊತೆಗೆ ಹಾಡನ್ನೂ ನಿಲ್ಲಿಸಿದ. ಅಲ್ಲಿ 1598ರವರೆಗೆ ಚರ್ಚಿನಲ್ಲಿ ಹಾಡೇ ಇರಲಿಲ್ಲ. ಜಿನೀವಾದಲ್ಲಿ ಕಾಲ್ವಿನ್ ಹಾಡು ಉಳಿಸಿಕೊಂಡ. ವಾದ್ಯವಿಲ್ಲದೆ ಹಾಡುವ 150 ಕೀರ್ತನೆಗಳ ಪುಸ್ತಕ 1562ರಲ್ಲಿ ಪೂರ್ತಿಯಾಯಿತು. ಅಮೆರಿಕದಲ್ಲಿ 19ನೇ ಶತಮಾನದಲ್ಲಿ ಇದೇ ವಿಷಯಕ್ಕೆ ಸಭೆಗಳು ಒಡೆದವು. 1906ರ ಅಲ್ಲಿಯ ಧಾರ್ಮಿಕ ಗಣತಿಯಲ್ಲಿ, ವಾದ್ಯ ಬಳಸದ ಚರ್ಚಸ್ ಆಫ್ ಕ್ರೈಸ್ಟ್ ಸಭೆಗಳನ್ನು ಮೊದಲ ಸಲ ಬೇರೆಯಾಗಿ ಎಣಿಸಿದರು. ನಿಮ್ಮ ಪರಿಚಯದವರ ಸಭೆ ನಾಲ್ಕು ದನಿಯಲ್ಲಿ ಹಾಡುವಂಥದ್ದಾದರೆ ಇದನ್ನೂ ಅವರಿಗೆ ಹೇಳಿ: ಆದಿ ಸಭೆಯಲ್ಲಿ ಅದೂ ಇರಲಿಲ್ಲ. ಎಲ್ಲರದೂ ಒಂದೇ ರಾಗ, ಒಂದೇ ದನಿ. ದನಿಗಳನ್ನು ಬೇರೆ ಬೇರೆ ಸ್ವರದಲ್ಲಿ ಕೂಡಿಸುವ ಕ್ರಮದ ವಿವರಣೆ ಚರ್ಚಿನ ಸಂಗೀತ ಗ್ರಂಥಗಳಲ್ಲಿ ಬರುವುದು 9ನೇ ಶತಮಾನದಲ್ಲಿ.

ಹಾಗಾಗಿ ನಿಮ್ಮ ಹಾರ್ಮೋನಿಯಂ, ತಬಲಾ ಪಾಪ ಅನ್ನಲು ಇತಿಹಾಸದಲ್ಲಿ ಆಧಾರ ಇಲ್ಲ. ವಾದ್ಯವಿಲ್ಲದೆ ಹಾಡುವವರು ಹೊಸದೇನೋ ಹಟ ಹಿಡಿದಿದ್ದಾರೆ ಅನ್ನಲೂ ಆಗದು, ಅವರ ರೂಢಿ ನಿಜಕ್ಕೂ ಹಳೆಯದು. ಮೈಕ್ ಹಿಡಿದ ಐದು ಜನ ಹಾಡಿ, ಉಳಿದ ಇನ್ನೂರು ಜನ ಸುಮ್ನೆ ನಿಂತಿದ್ದರೆ ಮಾತ್ರ ಬಸಿಲ್‌ಗೂ ನಿಸೇತರಿಗೂ ಅದು ಸರಿ ಅನ್ನಿಸುತ್ತಿರಲಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಈಗ ನಿಮ್ಮ ಯುವಕರ ವಿಷಯ. ಆ ಕಾಲದ ರಾಗಗಳು ನಮಗೆ ಉಳಿದಿಲ್ಲ, ಆಕ್ಸಿರಿಂಕಸ್ ಚೂರು ಬಿಟ್ಟು. ಆದ್ದರಿಂದ ರಾಗ ನಿಮ್ಮದೇ ಇರಲಿ, ಕ್ರಮ ಅವರದಿರಲಿ. 136ನೇ ಕೀರ್ತನೆ ಆರಿಸಿಕೊಳ್ಳಿ. 26 ವಚನ, ಪ್ರತಿಯೊಂದರ ಕೊನೆಗೂ ಅದೇ ಮಾತು. ನಿಮ್ಮ ಬೈಬಲ್ ಭಾಷಾಂತರದಲ್ಲಿ ಆ ಸಾಲು ಹೇಗಿದೆಯೋ ಹಾಗೇ ಇಟ್ಟುಕೊಳ್ಳಿ. ಅದಕ್ಕೆ ಭೂಪ್ ರಾಗದ ನಾಲ್ಕೈದು ಸ್ವರದಲ್ಲಿ ಒಂದು ಚಿಕ್ಕ ಧಾಟಿ ಮಾಡಿ. ಅಜ್ಜಿಗೂ ಮಗುವಿಗೂ ಒಂದೇ ಸಲಕ್ಕೆ ಬರಬೇಕು. ಶ್ರುತಿ ಕೆಳಗಿರಲಿ. ವಚನ ಎತ್ತುವವರಿಗೆ ದೊಡ್ಡ ಕಂಠ ಬೇಕಿಲ್ಲ, ಉಚ್ಚಾರ ಸ್ಪಷ್ಟ ಇರಬೇಕು, ಮಾತಾಡಿದ ಹಾಗೇ ಹಾಡಬೇಕು. ಕೀಬೋರ್ಡ್‌ನಲ್ಲಿ ಶುರುವಿಗೆ ಒಂದು ಸ್ವರ ಕೊಟ್ಟು ಬಂದ್ ಮಾಡಿ. ಮೈಕ್ ಬೇಡ. ಮೊದಲ ನಾಲ್ಕೈದು ವಚನಕ್ಕೆ ಜನ ತಡವರಿಸುತ್ತಾರೆ, ನಿಲ್ಲಿಸಬೇಡಿ, ಹತ್ತನೆಯದರ ಹೊತ್ತಿಗೆ ಕೂಡಿಕೊಳ್ಳುತ್ತದೆ. ಸ್ವರ ಹಿಡಿಯಲು ಬಾರದವರಿಗೆ ನಿಸೇತರೇ ಒಂದು ಸಲಹೆ ಕೊಟ್ಟಿದ್ದಾರೆ: ಎಳೆಯಬೇಡಿ, ಕೂಗಬೇಡಿ, ಹೊಂದಿಕೆ ಆಗದಿದ್ದರೆ ಮೆಲ್ಲಗೆ ಹಾಡಿಕೊಳ್ಳಿ.

ಅದು ಚೆನ್ನಾಗಿ ಬಂದರೆ ಇನ್ನೊಂದು ವಾರ ಎರಡು ಪಾಲಾಗಿ ನಿಂತು 118ನೆಯದನ್ನು ಎದುರುಬದುರು ಹಾಡಿ ನೋಡಿ. ಸಂಜೆಯ ಆರಾಧನೆ ಇದ್ದರೆ 141ನೇ ಕೀರ್ತನೆ ಸರಿಯಾಗುತ್ತದೆ, ಕ್ರಿಸೊಸ್ತಮರ ಕಾಲದಲ್ಲೇ ಅದು ಸಂಜೆಯ ಕೀರ್ತನೆಯಾಗಿತ್ತು. ಪ್ರಾರ್ಥನೆಯ ಹೊತ್ತಿಗೆ ಸಭೆಯಲ್ಲಿ ಕಾಯಿಲೆ ಬಿದ್ದವರ, ಊರಿಗೆ ಹೋದವರ ಹೆಸರುಗಳನ್ನು ಒಬ್ಬರು ಓದಲಿ. "ಕರ್ತನೇ ಕರುಣಿಸು" ಅನ್ನುವುದನ್ನು ಸಂಡೇ ಸ್ಕೂಲ್ ಮಕ್ಕಳಿಗೇ ಬಿಡಿ.